ಹಾರುವುದಕ್ಕೆ ರೆಕ್ಕೆ ಸಾಕು, ಇಳಿಯುವುದಕ್ಕೆ? ಪ್ಯಾರಾಚೂಟ್ ಬಿಚ್ಚದೆ ನೆಲ ಮುಟ್ಟಿದ ವಿಂಗ್‌ಸೂಟ್

(ಕಾಲೇಜೊಂದರ ವಿಜ್ಞಾನ ಸಂಘದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಕಪ್ಪುಹಲಗೆಯ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲಿಯೇ ಹೇಳಿದ್ದೇನೆ.)

2012ರ ಮೇ 23ರಂದು ಇಂಗ್ಲೆಂಡಿನ ಹೆನ್ಲಿ-ಆನ್-ಥೇಮ್ಸ್ ಊರಿನ ಸಮೀಪ, ಸುಮಾರು 2,400 ಅಡಿ, ಅಂದರೆ 730 ಮೀಟರ್ ಎತ್ತರದಲ್ಲಿದ್ದ ಹೆಲಿಕಾಪ್ಟರಿನಿಂದ ಗ್ಯಾರಿ ಕಾನರಿ ಎಂಬ 42 ವರ್ಷದ ಸಾಹಸ ಕಲಾವಿದರು ಹೊರಕ್ಕೆ ಜಿಗಿದರು. ಅವರ ತೋಳು ಮತ್ತು ಪಕ್ಕೆಗಳ ನಡುವೆ, ಎರಡು ಕಾಲುಗಳ ನಡುವೆ ಬಟ್ಟೆ ಹೊಲಿದ ಉಡುಪಿತ್ತು. ಅದನ್ನೇ ವಿಂಗ್‌ಸೂಟ್ ಎನ್ನುವುದು. ಮೊದಲ ಮೂರು ಸೆಕೆಂಡು ಅವರು ಕಲ್ಲಿನಂತೆ ಬಿದ್ದರು. ಅಷ್ಟರಲ್ಲಿ ಉಡುಪಿನೊಳಕ್ಕೆ ಗಾಳಿ ತುಂಬಿ ಅದು ರೆಕ್ಕೆಯಂತೆ ಬಿಗಿಯಾಯಿತು, ಬೀಳುವಿಕೆ ತೇಲುವಿಕೆಯಾಯಿತು. ಗಂಟೆಗೆ 130 ಕಿಲೋಮೀಟರಿನವರೆಗಿನ ವೇಗದಲ್ಲಿ ಸುಮಾರು 1.4 ಕಿಲೋಮೀಟರ್ ಸಾಗಿ, ಪ್ಯಾರಾಚೂಟ್ ಬಿಚ್ಚದೆಯೇ ಅವರು ಹೊಲದಲ್ಲಿ ಪೇರಿಸಿಟ್ಟಿದ್ದ 18,600 ರಟ್ಟಿನ ಡಬ್ಬಗಳ ರಾಶಿಯೊಳಕ್ಕೆ ನುಗ್ಗಿ ಕಣ್ಮರೆಯಾದರು. ಸ್ವಲ್ಪ ಹೊತ್ತಿನ ಬಳಿಕ ಡಬ್ಬಗಳನ್ನು ಸರಿಸಿಕೊಂಡು ನಗುತ್ತ ಎದ್ದು ಬಂದರು.

ಮರುದಿನದ ಪತ್ರಿಕೆಗಳು ಇದನ್ನು ಹಕ್ಕಿಯಂತೆ ಹಾರಿದ ಮನುಷ್ಯನ ಸಾಹಸವೆಂದು ಬಣ್ಣಿಸಿದವು. ನನಗೆ ಆ ಬಣ್ಣನೆಯಲ್ಲಿ ಒಂದು ತಕರಾರಿದೆ. ಹಾರಾಟದ ಮಟ್ಟಿಗೆ ನೋಡಿದರೆ ಅಂದು ಕಾನರಿ ಅವರು ಹೊಸದೇನನ್ನೂ ಮಾಡಲಿಲ್ಲ. ಅದಕ್ಕಿಂತ ದೂರ, ಅದಕ್ಕಿಂತ ವೇಗವಾಗಿ ಹಾರಿದವರು ಆಗಲೇ ಹಲವರಿದ್ದರು. ಅವರು ಹೊಸದಾಗಿ ಮಾಡಿದ್ದು ಇಳಿಯುವುದನ್ನು. ಅದಕ್ಕೆ ಬೇಕಾದ ಸಲಕರಣೆ ಅವರ ಮೈಮೇಲೆ ಇರಲಿಲ್ಲ, ನೆಲದ ಮೇಲಿತ್ತು. ಈ ಉಪನ್ಯಾಸದಲ್ಲಿ ನಾನು ವಿವರಿಸಹೊರಟಿರುವುದು ಇಷ್ಟನ್ನೇ: ರೆಕ್ಕೆಯಿಂದ ಬಗೆಹರಿಯದ ಸಮಸ್ಯೆಯನ್ನು ಅವರು ಹೇಗೆ ನೆಲಕ್ಕೆ ವರ್ಗಾಯಿಸಿದರು, ಮತ್ತು ಹಾಗೆ ವರ್ಗಾಯಿಸಿದ ಮೇಲೂ ಅವರ ಪಾಲಿಗೆ ಉಳಿದ ಕೆಲಸ ಯಾವುದು.

ಮೊದಲು ನಮ್ಮ ಮಲೆನಾಡಿನ ಒಂದು ಪ್ರಾಣಿಯಿಂದ ಆರಂಭಿಸುತ್ತೇನೆ. ಹಾರುಬೆಕ್ಕು ಎಂದು ಕರೆಯುವ ದೊಡ್ಡ ಹಾರುವ ಅಳಿಲನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ನಾನು ಅದನ್ನು ಮೊದಲು ಕಂಡದ್ದು ಆಗುಂಬೆಯ ಕಡೆ ನೆಂಟರ ಮನೆಯ ಅಂಗಳದಲ್ಲಿ, ಕತ್ತಲಾಗಿ ಅರ್ಧ ಗಂಟೆಯಾದ ಮೇಲೆ. ಎತ್ತರದ ಮರವೊಂದರ ತುದಿಯಿಂದ ಕಂಬಳಿಯ ತುಂಡೊಂದು ಜಾರಿದಂತೆ ಕಂಡಿತು. ಅದು ತೋಟದ ಮೇಲೆ ಓರೆಯಾಗಿ ತೇಲಿ ಬಂದು, ಎದುರಿನ ಮರದ ಬುಡದತ್ತ ಇಳಿಯುತ್ತಿದೆ ಎನ್ನುವಷ್ಟರಲ್ಲಿ ಥಟ್ಟನೆ ಮೂತಿಯನ್ನು ಮೇಲಕ್ಕೆತ್ತಿ, ಹೊಟ್ಟೆಯನ್ನು ಗಾಳಿಗೆ ಅಡ್ಡ ಹಿಡಿದು, ಟಪ್ಪೆಂದು ಕಾಂಡಕ್ಕೆ ನಾಲ್ಕು ಕಾಲೂ ಊರಿ ಅಂಟಿಕೊಂಡಿತು. ಮರುಕ್ಷಣವೇ ಏನೂ ಆಗಿಲ್ಲವೆಂಬಂತೆ ಕಾಂಡವನ್ನು ಹತ್ತತೊಡಗಿತು.

ವಿಂಗ್‌ಸೂಟಿನ ಬಟ್ಟೆ ಈ ಪ್ರಾಣಿಯ ಕಾಲುಗಳ ನಡುವಿನ ಚರ್ಮದ ಪದರವನ್ನೇ ಹೋಲುತ್ತದೆ, ಕೆಲಸವೂ ಅದರದ್ದೇ. ಹಾಗಿದ್ದರೆ ಹಾರುಬೆಕ್ಕು ರಾತ್ರಿಗೆ ಹಲವು ಬಾರಿ ನಿರಾಯಾಸವಾಗಿ ಮಾಡುವುದನ್ನು ಮನುಷ್ಯ ಏಕೆ ಮಾಡಲಾರ? ಕಾರಣ ಧೈರ್ಯದ ಕೊರತೆಯಲ್ಲ, ಗಾತ್ರ. ಯಾವುದೇ ಆಕಾರವನ್ನು ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಎರಡರಷ್ಟು ಹಿಗ್ಗಿಸಿದರೆ ಅದರ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ, ತೂಕ ಎಂಟರಷ್ಟಾಗುತ್ತದೆ. ಹಾಗಾಗಿ ಪ್ರಾಣಿ ದೊಡ್ಡದಾದಂತೆ ರೆಕ್ಕೆಯ ಪ್ರತಿ ಚದರ ಅಡಿಯೂ ಹೊರಬೇಕಾದ ಭಾರ ಏರುತ್ತ ಹೋಗುತ್ತದೆ, ಆ ಭಾರವನ್ನು ಹೊರಲು ಗಾಳಿಯಲ್ಲಿ ಇನ್ನೂ ವೇಗವಾಗಿ ಸಾಗಬೇಕಾಗುತ್ತದೆ. ಒಂದೆರಡು ಕಿಲೋ ತೂಗುವ ಹಾರುಬೆಕ್ಕಿಗೆ ಒಗ್ಗುವ ನಿಧಾನ ಗತಿ ಉಡುಪೂ ಸಲಕರಣೆಯೂ ಸೇರಿ 90 ಕಿಲೋ ತೂಗುವ ಮನುಷ್ಯನಿಗೆ ಒಗ್ಗುವುದಿಲ್ಲ.

ಒಂದು ಸ್ಥೂಲ ಲೆಕ್ಕ ಮಾಡೋಣ. ವಿಂಗ್‌ಸೂಟಿನ ಒಟ್ಟು ವಿಸ್ತೀರ್ಣವನ್ನು ಎರಡು ಚದರ ಮೀಟರಿಗೆ ತುಸು ಕಡಿಮೆ ಎಂದು ಹಿಡಿದು, ಅಂಥ ರೆಕ್ಕೆ ಕೊಡಬಲ್ಲ ಗರಿಷ್ಠ ಎತ್ತುಬಲವನ್ನು ಉದಾರವಾಗಿಯೇ ಅಂದಾಜಿಸಿದರೂ, 90 ಕಿಲೋ ತೂಕವನ್ನು ಗಾಳಿಯಲ್ಲಿ ಹಿಡಿದಿಡಲು ಗಂಟೆಗೆ 90ರಿಂದ 95 ಕಿಲೋಮೀಟರಿನಷ್ಟು ವೇಗ ಬೇಕೆಂದು ಉತ್ತರ ಬರುತ್ತದೆ. ಅದಕ್ಕಿಂತ ನಿಧಾನವಾದರೆ ರೆಕ್ಕೆ ಸೋಲುತ್ತದೆ, ಮನುಷ್ಯ ಬೀಳತೊಡಗುತ್ತಾನೆ. ಉಸೇನ್ ಬೋಲ್ಟ್ ತಮ್ಮ ಓಟದ ಉತ್ತುಂಗದಲ್ಲಿ ಮುಟ್ಟಿದ ವೇಗ ಗಂಟೆಗೆ ಸುಮಾರು 44 ಕಿಲೋಮೀಟರ್. ಎಂದ ಮೇಲೆ ಕಾಲೂರಿ ನಾಲ್ಕು ಹೆಜ್ಜೆ ಓಡಿ ನಿಲ್ಲುವ ಯೋಚನೆಯನ್ನು ಇಲ್ಲಿಗೇ ಕೈಬಿಡಬೇಕು.

ಉಡುಪನ್ನು ದೊಡ್ಡದು ಮಾಡಿದರಾಗದೇ ಎಂದು ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಒಳ್ಳೆಯ ಪ್ರಶ್ನೆ. ಇಳಿಯುವ ವೇಗವನ್ನು ಗಂಟೆಗೆ 25 ಕಿಲೋಮೀಟರಿಗೆ, ಅಂದರೆ ಗಟ್ಟಿಗನೊಬ್ಬ ಓಡಿ ನಿಭಾಯಿಸಬಹುದಾದ ಮಟ್ಟಕ್ಕೆ ತರಬೇಕೆಂದರೆ ರೆಕ್ಕೆಯ ವಿಸ್ತೀರ್ಣ ಸುಮಾರು 25 ಚದರ ಮೀಟರ್ ಆಗಬೇಕು. ಅಷ್ಟು ಅಗಲದ ಬಟ್ಟೆಯನ್ನು ಯಾವ ತೋಳೂ ಬಿಗಿಯಾಗಿ ಹಿಡಿದಿರಲಾರದು. ಅದನ್ನು ಹಗ್ಗಗಳಿಂದ ತಲೆಯ ಮೇಲೆ ಕಟ್ಟಿಕೊಳ್ಳಬೇಕಾಗುತ್ತದೆ. 25 ಚದರ ಮೀಟರ್ ಎಂಬುದು ಸರಿಸುಮಾರು ಒಂದು ಪ್ಯಾರಾಗ್ಲೈಡರಿನ, ಅಂದರೆ ತೇಲಿ ಹಾರುವುದಕ್ಕೆಂದೇ ಮಾಡಿದ ಪ್ಯಾರಾಚೂಟಿನಂಥ ರೆಕ್ಕೆಯ ಅಳತೆ. ಪ್ಯಾರಾಚೂಟ್ ಇಲ್ಲದೆ ಇಳಿಯಬಲ್ಲ ಉಡುಪನ್ನು ಹೊಲಿಯುತ್ತ ಹೋದ ದರ್ಜಿಯ ಕೈಯಲ್ಲಿ ಕೊನೆಗೆ ಉಳಿಯುವುದು ಪ್ಯಾರಾಚೂಟೇ.

ದರ್ಜಿ ಎಂದಾಗ ಫ್ರಾಂಜ್ ರೈಖೆಲ್ಟ್ ನೆನಪಾಗುತ್ತಾರೆ. ಪ್ಯಾರಿಸಿನಲ್ಲಿ ದರ್ಜಿಯಾಗಿದ್ದ ಅವರು ತಾವೇ ಹೊಲಿದ ಉಡುಪನ್ನು ತೊಟ್ಟು 1912ರ ಫೆಬ್ರುವರಿ 4ರಂದು ಐಫೆಲ್ ಗೋಪುರದ ಮೊದಲ ಅಂತಸ್ತಿನಿಂದ ಜಿಗಿದು ತೀರಿಕೊಂಡರು. ರೆಕ್ಕೆ ಕಟ್ಟಿಕೊಂಡು ಪ್ರದರ್ಶನ ನೀಡುತ್ತಿದ್ದ ಅಮೆರಿಕದ ಕ್ಲೆಮ್ ಸೋನ್ 1937ರಲ್ಲಿ ಫ್ರಾನ್ಸಿನ ವಿನ್ಸೆನ್ನಲ್ಲಿ, ಫ್ರೆಂಚ್ ಸಾಹಸಿ ಲಿಯೋ ವ್ಯಾಲೆಂಟಿನ್ 1956ರಲ್ಲಿ ಲಿವರ್‌ಪೂಲಿನಲ್ಲಿ, ಇಂದಿನ ವಿಂಗ್‌ಸೂಟಿಗೆ ರೂಪ ಕೊಟ್ಟ ಪ್ಯಾಟ್ರಿಕ್ ಡಿ ಗಯಾರ್ಡನ್ 1998ರಲ್ಲಿ ಹವಾಯಿಯಲ್ಲಿ ಪ್ರಾಣ ಕಳೆದುಕೊಂಡರು. ಈ ಮೂವರ ಕೊನೆಯ ಕ್ಷಣಗಳಲ್ಲಿಯೂ ಕೈಕೊಟ್ಟದ್ದು ಪ್ಯಾರಾಚೂಟ್ ಎಂಬುದು ಗಮನಿಸಬೇಕಾದ ಸಂಗತಿ. ರೆಕ್ಕೆಯ ಮನುಷ್ಯರು ಎಂದೂ ರೆಕ್ಕೆಯಿಂದ ಇಳಿದವರಲ್ಲ. ಹಾರುವುದಕ್ಕೆ ರೆಕ್ಕೆಯನ್ನು, ಇಳಿಯುವುದಕ್ಕೆ ಕೊಡೆಯನ್ನು ನೆಚ್ಚಿದವರು. 1999ರಲ್ಲಿ ಯಾರಿ ಕುವೋಸ್ಮ ಮತ್ತು ರಾಬರ್ಟ್ ಪೆಚ್ನಿಕ್ ಸೇರಿ ವಿಂಗ್‌ಸೂಟುಗಳನ್ನು ಮಾರಾಟಕ್ಕೆ ತಂದ ಮೇಲೆಯೂ ಈ ಏರ್ಪಾಡು ಹಾಗೆಯೇ ಉಳಿಯಿತು.

ಹಾಗಾದರೆ ಕೊಡೆಯಿಲ್ಲದೆ ಇಳಿಯುವ ದಾರಿ ಯಾವುದು? ಒಂದು ದಾರಿಯನ್ನು ಹಿಮದ ಮೇಲೆ ಸ್ಕೀ ಜಿಗಿತ ಮಾಡುವವರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಅವರು ಗಂಟೆಗೆ 90 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿದರೂ ಕಾಲು ಮುರಿಯದಿರುವುದಕ್ಕೆ ಕಾರಣ, ಅವರು ಬೀಳುವ ಓರೆಗೆ ಹೆಚ್ಚುಕಡಿಮೆ ಸಮನಾಗಿ ನೆಲವೂ ಓರೆಯಾಗಿರುವುದು. ನೆಲ ಅವರಿಗೆ ಡಿಕ್ಕಿ ಹೊಡೆಯುವುದಿಲ್ಲ, ಅವರನ್ನು ಸವರುತ್ತದೆ. ಎರಡೂವರೆ ಮೀಟರ್ ಮುಂದೆ ಸಾಗುವಾಗ ಒಂದು ಮೀಟರ್ ಕೆಳಗಿಳಿಯುವ ವಿಂಗ್‌ಸೂಟಿನ ಹಾದಿ ನೆಲಕ್ಕೆ ಸುಮಾರು 22 ಡಿಗ್ರಿ ಓರೆಯಾಗಿರುತ್ತದೆ. ಅಷ್ಟೇ ಓರೆಯ ಇಳಿಜಾರು ಕಟ್ಟಿದರೆ ಅದರ ಮೇಲೆ ಜಾರಿ ನಿಲ್ಲಬಹುದು. ಅಮೆರಿಕದ ವಿಂಗ್‌ಸೂಟ್ ಹಾರಾಟಗಾರ ಜೆಬ್ ಕಾರ್ಲಿಸ್ ಹಲವು ವರ್ಷ ಇಂಥದೊಂದು ಓಡುದಾರಿಯ ಯೋಜನೆಯನ್ನು ಬೆನ್ನಟ್ಟಿದರು. ಅದಕ್ಕೆ ಸುಮಾರು 20 ಲಕ್ಷ ಡಾಲರ್ ಬೇಕೆಂದು ವರದಿಯಾಗಿತ್ತು. 2012ರ ಜನವರಿ 16ರಂದು ದಕ್ಷಿಣ ಆಫ್ರಿಕಾದ ಟೇಬಲ್ ಮೌಂಟನ್ ಬೆಟ್ಟದಲ್ಲಿ ಅವರು ಬಂಡೆಗೆ ಬಡಿದು ಕಾಲು ಮುರಿದುಕೊಂಡರು. ಆದರೂ ಪ್ಯಾರಾಚೂಟ್ ಬಿಚ್ಚಿ ಜೀವ ಉಳಿಸಿಕೊಂಡರು. ಅದಾಗಿ ನಾಲ್ಕು ತಿಂಗಳಿಗೆ ಇಂಗ್ಲೆಂಡಿನ ಹೊಲದಲ್ಲಿ ಡಬ್ಬಗಳ ರಾಶಿ ಎದ್ದಿತು.

ರಟ್ಟಿನ ಡಬ್ಬವೇ ಏಕೆ? ಕಾನರಿ ಅವರು ವಿಮಾನ ಶಾಸ್ತ್ರಜ್ಞರಲ್ಲ, ಸಿನಿಮಾಗಳಲ್ಲಿ ಎತ್ತರದಿಂದ ಬೀಳುವ ಕಸುಬಿನವರು. ಆ ಕಸುಬಿನಲ್ಲಿ ಗಾಳಿಚೀಲಗಳು ಬರುವ ಮೊದಲಿನಿಂದಲೂ ಖಾಲಿ ಡಬ್ಬಗಳ ಮೇಲೆ ಬೀಳುವ ವಾಡಿಕೆಯಿದೆ. ಸಭೆಗೆ ನಾನು ಕಿರಾಣಿ ಅಂಗಡಿಯಿಂದ ಬಿಸ್ಕತ್ತಿನ ಖಾಲಿ ಡಬ್ಬವೊಂದನ್ನು ತಂದಿದ್ದೆ. ಅದರ ಮೂಲೆಯ ಮೇಲೆ ಅಂಗೈ ಊರಿ ಭಾರ ಹಾಕಿದರೆ ಮೊದಲು ಅದು ಸೆಟೆದು ನಿಲ್ಲುತ್ತದೆ. ಇನ್ನಷ್ಟು ಒತ್ತಿದರೆ ಗೋಡೆಯ ಮಧ್ಯದಲ್ಲಿ ಒಂದು ಮಡಿಕೆ ಮೂಡುತ್ತದೆ, ಅದರ ಕೆಳಗೆ ಇನ್ನೊಂದು. ಮುಚ್ಚಳದ ಸಂದಿಯಿಂದ ಗಾಳಿ ಉಸ್ಸೆಂದು ಹೊರಡುತ್ತದೆ. ಪೂರ್ತಿ ಅಪ್ಪಚ್ಚಿಯಾಗುವವರೆಗೂ ಅದು ಕೈಯನ್ನು ತಡೆಯುತ್ತಲೇ ಇರುತ್ತದೆ, ಆದರೆ ಕೈ ತೆಗೆದರೆ ಮತ್ತೆ ಪುಟಿದೇಳುವುದಿಲ್ಲ. ಈ ಕೊನೆಯ ಗುಣವೇ ಮುಖ್ಯ. ಸ್ಪ್ರಿಂಗಿನ ಹಾಸಿಗೆ ಕೊಟ್ಟ ಶಕ್ತಿಯನ್ನು ವಾಪಸು ಕೊಡುತ್ತದೆ, ಬಿದ್ದವನನ್ನು ಮೇಲಕ್ಕೆ ಚಿಮ್ಮಿಸುತ್ತದೆ; ರಟ್ಟು ಆ ಶಕ್ತಿಯನ್ನು ತನ್ನ ಮಡಿಕೆಗಳಲ್ಲಿ ನುಂಗಿಬಿಡುತ್ತದೆ.

ಎಷ್ಟು ನುಂಗಬೇಕಾಗಿತ್ತು ಎಂಬುದನ್ನೂ ನೋಡೋಣ. ರಾಶಿಯನ್ನು ಸಮೀಪಿಸುವಾಗ ಕಾನರಿ ಅವರು ಹಾರುಬೆಕ್ಕಿನಂತೆಯೇ ಎದೆಯನ್ನು ಮೇಲೆತ್ತಿ ರೆಕ್ಕೆಯನ್ನು ಗಾಳಿಗೆ ಒಡ್ಡಿದರು. ಹಾರಾಟಗಾರರು ಇದನ್ನು ಫ್ಲೇರ್ ಎನ್ನುತ್ತಾರೆ. ಅದರಿಂದ ಅವರ ಮುನ್ನಡೆಯ ವೇಗ ಗಂಟೆಗೆ ಸುಮಾರು 80 ಕಿಲೋಮೀಟರಿಗೆ, ಕೆಳಗಿಳಿಯುವ ವೇಗ ಸುಮಾರು 24 ಕಿಲೋಮೀಟರಿಗೆ ತಗ್ಗಿತು. ಕೆಳಮುಖದ ಆ 24 ಕಿಲೋಮೀಟರ್ ಅಂಜುವಂಥದ್ದಲ್ಲ. ಏಳೂವರೆ ಅಡಿ ಎತ್ತರದ ಕಾಂಪೌಂಡ್ ಗೋಡೆಯಿಂದ ಧುಮುಕಿದಾಗ ನೆಲ ಮುಟ್ಟುವ ವೇಗವೂ ಅಷ್ಟೇ. ಅಂಜಬೇಕಾದದ್ದು ಮುನ್ನಡೆಯ 80 ಕಿಲೋಮೀಟರಿಗೆ. ಆ ವೇಗದಲ್ಲಿರುವ ದೇಹವನ್ನು ಹತ್ತು ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಿದರೆ ಅದರ ಮೇಲೆ ಗುರುತ್ವದ 250 ಪಟ್ಟು ಬಲ ಬೀಳುತ್ತದೆ. ಒಂದು ಮೀಟರಿನಲ್ಲಿ ನಿಲ್ಲಿಸಿದರೆ 25 ಪಟ್ಟು, ಹತ್ತು ಮೀಟರಿನಲ್ಲಿ ನಿಲ್ಲಿಸಿದರೆ ಕೇವಲ ಎರಡೂವರೆ ಪಟ್ಟು. 1954ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟಾಪ್ ರಾಕೆಟ್ ಬಂಡಿಯಲ್ಲಿ ಕುಳಿತು ಗುರುತ್ವದ 46 ಪಟ್ಟು ಬಲವನ್ನು ತಾಳಿಕೊಂಡದ್ದುಂಟು. ಆದರೆ ಅವರನ್ನು ಪಟ್ಟಿಗಳಿಂದ ಆಸನಕ್ಕೆ ಬಿಗಿದು ಕಟ್ಟಲಾಗಿತ್ತು. ಕೈಕಾಲು ಚಾಚಿ ತೇಲಿ ಬರುವವನ ಕುತ್ತಿಗೆ, ಭುಜ, ಮಣಿಕಟ್ಟುಗಳಿಗೆ ಆ ಭಾಗ್ಯವಿಲ್ಲ. ಅವನನ್ನು ನಿಲ್ಲಿಸುವುದಿದ್ದರೆ ದೂರ ಕೊಟ್ಟು ನಿಲ್ಲಿಸಬೇಕು.

ಆದ್ದರಿಂದಲೇ ಆ ರಾಶಿ ದಿಣ್ಣೆಯಂತಿರದೆ ಓಡುದಾರಿಯಂತಿತ್ತು: ಉದ್ದ 107 ಮೀಟರ್, ಅಗಲ 14 ಮೀಟರ್, ಎತ್ತರ ಸುಮಾರು 12 ಅಡಿ. ಗಾತ್ರವನ್ನು ಡಬ್ಬಗಳ ಸಂಖ್ಯೆಯಿಂದ ಭಾಗಿಸಿ ನೋಡಿದೆ. ಒಂದೊಂದು ಡಬ್ಬದ ಬದಿ ಎರಡು ಅಡಿಗೂ ತುಸು ಹೆಚ್ಚು ಎಂದಾಗುತ್ತದೆ. ಒಬ್ಬ ಮನುಷ್ಯ ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು ಹಾರುವುದಕ್ಕಾಗಿ ಅಂಥ ಹದಿನೆಂಟು ಸಾವಿರಕ್ಕೂ ಹೆಚ್ಚು ಡಬ್ಬಗಳನ್ನು ಮಡಿಸಿ, ನಿಲ್ಲಿಸಿ, ಸಾಲಾಗಿ ಪೇರಿಸಿದ ಕೈಗಳನ್ನು ಒಮ್ಮೆ ಊಹಿಸಿಕೊಳ್ಳಿ. ಇಂಗ್ಲೆಂಡಿನ ಮಳೆಯ ವಿಷಯ ಹೇಳಬೇಕಾಗಿಲ್ಲ. ನೆನೆದ ರಟ್ಟು ಯಾವ ಕೆಲಸಕ್ಕೂ ಬಾರದು.

ನಿಲ್ಲುವ ದೂರದ ಮಹಿಮೆಯನ್ನು ಸಭೆಯಲ್ಲಿ ತೋರಿಸಲೆಂದು ನಾನು ಅರ್ಧ ಡಜನ್ ಕೋಳಿಮೊಟ್ಟೆ ಒಯ್ದಿದ್ದೆ. ಇಬ್ಬರು ವಿದ್ಯಾರ್ಥಿಗಳು ಹಳೆಯ ಬೆಡ್‌ಶೀಟೊಂದನ್ನು ಸಡಿಲವಾಗಿ, ಕೆಳ ಅಂಚನ್ನು ಜೋಳಿಗೆಯಂತೆ ಮಡಚಿ ಹಿಡಿದರು. ಎರಡು ಮೊಟ್ಟೆಗಳನ್ನು ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಸೆದೆ. ಬಟ್ಟೆ ಹಿಂದಕ್ಕೆ ಸರಿಯುತ್ತ ಅವನ್ನು ತಡೆಯಿತು, ಎರಡೂ ಬಿರುಕಿಲ್ಲದೆ ಜೋಳಿಗೆಗೆ ಉರುಳಿದವು. ಚಪ್ಪಾಳೆ ಬಿತ್ತು. ಆ ಉಮೇದಿನಲ್ಲಿ ಮೂರನೆಯದನ್ನು ಎರಡು ಹೆಜ್ಜೆ ಹಿಂದೆ ಸರಿದು ಎಸೆದೆ. ಅದು ಬೆಡ್‌ಶೀಟಿನ ಅಂಚಿನಿಂದ ಗೇಣುದ್ದ ಆಚೆ ಹೋಗಿ, ಗೋಡೆಗೆ ತೂಗುಹಾಕಿದ್ದ ಬ್ಯಾನರಿನ ಮೇಲೆ, ಸರಿಯಾಗಿ ಉಪನ್ಯಾಸಕರ ಹೆಸರಿದ್ದ ಜಾಗದಲ್ಲಿ ಒಡೆಯಿತು. ಸಭೆ ನಕ್ಕಿತು, ನಾನೂ ನಕ್ಕೆ. ಮುಂದಿನ ಮಾತಿಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ನನ್ನ ಟಿಪ್ಪಣಿಯಲ್ಲಿರಲಿಲ್ಲ. ಬೆಡ್‌ಶೀಟ್ ಎಷ್ಟೇ ಮೃದುವಾಗಿರಲಿ, ಮೊಟ್ಟೆ ಅದರ ಮೇಲೆ ಬಿದ್ದರೆ ತಾನೇ?

730 ಮೀಟರ್ ಎತ್ತರದಲ್ಲಿ, ಸುಮಾರು 1.4 ಕಿಲೋಮೀಟರ್ ದೂರದಲ್ಲಿರುವ ಹಾರಾಟಗಾರನ ಕಣ್ಣಿಗೆ 14 ಮೀಟರ್ ಅಗಲದ ಆ ಪಟ್ಟಿ ಅರ್ಧ ಡಿಗ್ರಿಯಷ್ಟು ಅಗಲವಾಗಿ ಕಾಣುತ್ತದೆ. ಹುಣ್ಣಿಮೆಯ ಚಂದ್ರನ ಅಗಲವೂ ಅಷ್ಟೇ. ತೋಳು ಚಾಚಿ ಕಿರುಬೆರಳನ್ನು ಅಡ್ಡ ಹಿಡಿದರೆ ಅಂಥ ಎರಡು ಚಂದ್ರರನ್ನು ಮರೆಮಾಡಬಹುದು. ಹೆಲಿಕಾಪ್ಟರಿನ ಬಾಗಿಲಲ್ಲಿ ನಿಂತವನು, ಅರ್ಧ ಕಿರುಬೆರಳಿನಷ್ಟಿರುವ ಆ ಜಾಗಕ್ಕೆ, ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ, ಎಂಜಿನಿಲ್ಲದೆ ತಲುಪಬೇಕು. ವಿಮಾನದ ಪೈಲಟ್ ಓಡುದಾರಿ ತಪ್ಪಿತೆನಿಸಿದರೆ ಎಂಜಿನಿನ ವೇಗ ಹೆಚ್ಚಿಸಿ ಮೇಲೇರುತ್ತಾನೆ, ಸುತ್ತು ಹಾಕಿ ಮತ್ತೆ ಬರುತ್ತಾನೆ. ವಿಂಗ್‌ಸೂಟಿಗೆ ಎರಡನೆಯ ಸುತ್ತಿಲ್ಲ. ಪ್ಯಾರಾಚೂಟ್ ಚೀಲದಿಂದ ಹೊರಬಂದು ಅರಳುವುದಕ್ಕೆ ಕೆಲವು ಸೆಕೆಂಡುಗಳು ಬೇಕು, ಅಷ್ಟರಲ್ಲಿ ಹತ್ತಾರು ಮೀಟರ್ ಎತ್ತರ ಕಳೆದುಹೋಗುತ್ತದೆ. ಆದುದರಿಂದ ಒಂದು ಎತ್ತರದವರೆಗೆ ಮಾತ್ರ ಮನಸ್ಸು ಬದಲಾಯಿಸುವ ಅವಕಾಶವಿರುತ್ತದೆ. ಅದನ್ನು ದಾಟಿದ ಮೇಲೆ ಬೆನ್ನ ಮೇಲಿರುವ ಪ್ಯಾರಾಚೂಟ್ ಬರಿಯ ಹೊರೆ.

ಗುರಿಯನ್ನು ಕಣ್ಣಿನಿಂದ ಹಿಡಿಯುವ ಉಪಾಯ ಎಲ್ಲ ಪೈಲಟ್‌ಗಳಿಗೂ ಗೊತ್ತಿರುವಂಥದ್ದೇ. ಕೆಳಗಿಳಿಯುತ್ತಿರುವವನಿಗೆ ನೆಲದ ಮೇಲಿನ ವಸ್ತುಗಳೆಲ್ಲ ಜರುಗುತ್ತಿರುವಂತೆ ತೋರುತ್ತವೆ: ತೀರ ಹತ್ತಿರದವು ಕಾಲಡಿಗೆ ಜಾರುತ್ತವೆ, ದೂರದವು ಮೇಲಕ್ಕೆ ಏರುತ್ತವೆ. ನಡುವೆ ಎಲ್ಲೋ ಒಂದು ಬಿಂದು ಮಾತ್ರ ಅತ್ತಿತ್ತ ಅಲುಗದೆ ಹಿಗ್ಗುತ್ತ ಬರುತ್ತದೆ. ನೀವು ಹೋಗಿ ಬಡಿಯುವುದು ಅಲ್ಲಿಗೇ. ಡಬ್ಬಗಳ ರಾಶಿ ಕಾಲಡಿಗೆ ಜಾರುತ್ತಿದ್ದರೆ ನೀವು ಅದನ್ನು ದಾಟಿ ಹೋಗುವಿರಿ, ಮೇಲೇರುತ್ತಿದ್ದರೆ ಅದಕ್ಕಿಂತ ಮೊದಲೇ ಹೊಲಕ್ಕೆ ಬೀಳುವಿರಿ. ಭುಜವನ್ನು ಒಂದಿಷ್ಟು ಬಾಗಿಸಿ, ಮೊಣಕಾಲನ್ನು ಒಂದಿಷ್ಟು ಮಡಿಸಿ ಆ ಬಿಂದುವನ್ನು ರಾಶಿಯ ಮೇಲೆ ನಿಲ್ಲಿಸುತ್ತ ಬರಬೇಕು. ಇದರ ಮೇಲೆ ಗಾಳಿ ಬೀಸುತ್ತಿರುತ್ತದೆ. ನನ್ನ ದೃಷ್ಟಿಯಲ್ಲಿ ಅಂದಿನ ಸಾಧನೆ ಧೈರ್ಯಕ್ಕಿಂತ ಹೆಚ್ಚಾಗಿ ಈ ಕಣ್ಣಳತೆಯದು.

ನಾಲ್ಕು ವರ್ಷಗಳ ನಂತರ ನಡೆದ ಇನ್ನೊಂದು ಇಳಿತವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2016ರ ಜುಲೈ 30ರಂದು ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯಲ್ಲಿ ಪ್ಯಾರಾಚೂಟ್ ಜಿಗಿತದಲ್ಲಿ ಪಳಗಿದ ಲ್ಯೂಕ್ ಐಕಿನ್ಸ್ 25,000 ಅಡಿ ಎತ್ತರದಿಂದ ಜಿಗಿದರು. ಅವರಿಗೆ ಪ್ಯಾರಾಚೂಟೂ ಇರಲಿಲ್ಲ, ವಿಂಗ್‌ಸೂಟೂ ಇರಲಿಲ್ಲ. ಸುಮಾರು ಎರಡು ನಿಮಿಷ ಬಿದ್ದು, ಗಂಟೆಗೆ 190 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ, ನೂರು ಅಡಿ ಉದ್ದ ನೂರು ಅಡಿ ಅಗಲದ ಬಲೆಗೆ ಬಂದು ಸೇರಿದರು. ರೆಕ್ಕೆಯನ್ನೇ ತೆಗೆದುಹಾಕಿ, ನಿಲ್ಲಿಸುವ ಹೊಣೆಯನ್ನೆಲ್ಲ ನೆಲದ ಸಲಕರಣೆಗೆ ವಹಿಸಿದ ಪ್ರಯೋಗವಿದು. ಕಾನರಿ ಅವರ ತರ್ಕವನ್ನೇ ಕೊನೆಯವರೆಗೂ ಎಳೆದು ನೋಡಿದಂತೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ಕಲಾವಿದರ ಸಂಘಟನೆಯೊಂದು ಸುರಕ್ಷತೆಯ ದೃಷ್ಟಿಯಿಂದ ಅವರು ಪ್ಯಾರಾಚೂಟ್ ಕಟ್ಟಿಕೊಂಡೇ ಜಿಗಿಯಬೇಕೆಂದು ಷರತ್ತು ಹಾಕಿತ್ತು. ಬಲೆಗೆ ಬೀಳುವ ಮುನ್ನ ಕೊನೆಯ ಗಳಿಗೆಯಲ್ಲಿ ಐಕಿನ್ಸ್ ಮಗುಚಿ ಬೆನ್ನಡಿಯಾಗಬೇಕಿತ್ತು. ಆ ಬೆನ್ನಿಗೆ ಗಟ್ಟಿಯಾದ ಪ್ಯಾರಾಚೂಟ್ ಚೀಲ ಕಟ್ಟಿದ್ದರೆ ಅದೇ ಅವರ ಬೆನ್ನುಮೂಳೆಗೆ ಸಂಚಕಾರ ತರುತ್ತಿತ್ತು. ಜಿಗಿತಕ್ಕೆ ತುಸು ಮೊದಲು ಷರತ್ತನ್ನು ಹಿಂತೆಗೆದುಕೊಂಡ ಮೇಲೆ ಅವರು ಅದನ್ನು ಕಳಚಿಟ್ಟು ಜಿಗಿದರು.

ಆಕಾಶದಿಂದ ಬಿದ್ದು ಬದುಕಿದವರು ಹಿಂದೆಯೂ ಇದ್ದರಲ್ಲ ಎಂದು ಕೇಳಬಹುದು. ಇದ್ದರು. 1944ರಲ್ಲಿ ಉರಿಯುತ್ತಿದ್ದ ಬಾಂಬರ್ ವಿಮಾನದಿಂದ ಪ್ಯಾರಾಚೂಟಿಲ್ಲದೆ ಹಾರಿದ ನಿಕೊಲಸ್ ಆಲ್ಕೆಮೇಡ್ 18,000 ಅಡಿ ಬಿದ್ದರೂ ಪೈನ್ ಮರಗಳ ಕೊಂಬೆಗಳು ಮತ್ತು ಹಿಮದ ದೆಸೆಯಿಂದ ಬದುಕುಳಿದರು. ಅಲ್ಲಿಯೂ ಕೆಲಸ ಮಾಡಿದ್ದು ನಿಲ್ಲುವ ದೂರವೇ: ಒಂದರ ಕೆಳಗೊಂದು ಮುರಿದ ಕೊಂಬೆಗಳು ಡಬ್ಬಗಳ ಕೆಲಸ ಮಾಡಿದವು, ಹಿಮ ಉಳಿದದ್ದನ್ನು ಮಾಡಿತು. ಆದರೆ ಅದನ್ನು ಇಳಿಯುವುದು ಎನ್ನಲಾಗದು. ಕೊಂಬೆಗಳು ಎಲ್ಲಿವೆಯೆಂದು ಮೊದಲೇ ಗೊತ್ತುಮಾಡಿಕೊಂಡು ಅಲ್ಲಿಗೇ ತಲುಪುವವನು ಮಾತ್ರ ಇಳಿಯುತ್ತಾನೆ.

ಕೊನೆಯಲ್ಲಿ ಹಿರಿಯರೊಬ್ಬರು ಎದ್ದು, "ಅಷ್ಟೆಲ್ಲ ಮಾಡಿದ ಮೇಲೆ ಆ ಮನುಷ್ಯ ಮುಂದೇನು ಮಾಡಿದರು, ಸ್ವಾಮಿ?" ಎಂದು ಕೇಳಿದರು. ಎರಡು ತಿಂಗಳ ನಂತರ, 2012ರ ಜುಲೈ 27ರ ರಾತ್ರಿ, ಲಂಡನ್ ಒಲಿಂಪಿಕ್ಸಿನ ಉದ್ಘಾಟನೆಯನ್ನು ಟಿವಿಯಲ್ಲಿ ನೋಡಿದವರೆಲ್ಲ ಅವರನ್ನು ನೋಡಿದ್ದಾರೆ, ಗುರುತಿಸಿಲ್ಲ ಅಷ್ಟೆ. ಕ್ರೀಡಾಂಗಣದ ಮೇಲಿನ ಹೆಲಿಕಾಪ್ಟರಿನಿಂದ ಎಲಿಜಬೆತ್ ರಾಣಿಯ ವೇಷದಲ್ಲಿ ಜಿಗಿದವರು ಗ್ಯಾರಿ ಕಾನರಿ. ಜೇಮ್ಸ್ ಬಾಂಡ್ ವೇಷದಲ್ಲಿ ಜೊತೆಗೆ ಜಿಗಿದವರು ಅವರ ಗೆಳೆಯ ಮಾರ್ಕ್ ಸಟ್ಟನ್. ಮರುವರ್ಷ ಆಗಸ್ಟ್ 14ರಂದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ ವಿಂಗ್‌ಸೂಟ್ ತೊಟ್ಟು ಹಾರುವಾಗ ಸಟ್ಟನ್ ಬಂಡೆಗೆ ಬಡಿದು ತೀರಿಕೊಂಡರು. ಒಲಿಂಪಿಕ್ಸಿನ ಆ ರಾತ್ರಿ ಮಾತ್ರ ಇಬ್ಬರೂ ಸುಖವಾಗಿ ನೆಲ ಮುಟ್ಟಿದರು, ಬ್ರಿಟನ್ನಿನ ಧ್ವಜದ ಚಿತ್ತಾರವಿದ್ದ ಪ್ಯಾರಾಚೂಟುಗಳನ್ನು ಬಿಚ್ಚಿಕೊಂಡು.